ತಿನ್ನುವುದು ಗಿಡದ ಯಾವ ಭಾಗ? ಬಾಯಿಪಾಠ ಬಿಟ್ಟು ನೋಡಿ ಹೇಳುವ ಟಿಪ್ಪಣಿ

ಸಾಮಾನ್ಯ ಜ್ಞಾನದ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆ ತಪ್ಪದೆ ಬರುತ್ತದೆ. ಆಲೂಗಡ್ಡೆ ಗಿಡದ ಯಾವ ಭಾಗ? ಲವಂಗ ಯಾವ ಭಾಗ? ಇವುಗಳಲ್ಲಿ ಹುಸಿ ಹಣ್ಣು ಯಾವುದು? ಇದಕ್ಕೆ ಎಲ್ಲರ ಹತ್ತಿರವೂ ಒಂದು ಉದ್ದ ಪಟ್ಟಿ ಇರುತ್ತದೆ. ಪಟ್ಟಿಯನ್ನು ಸುಮ್ನೆ ಉರು ಹೊಡೆದರೆ ಸ್ವಲ್ಪ ದಿನ ನೆನಪಿರುತ್ತದೆ. ಆಮೇಲೆ ಆಲೂಗಡ್ಡೆಯೂ ಗೆಣಸೂ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಅದಕ್ಕಿಂತ ಆ ವಸ್ತುವನ್ನೇ ಕೈಗೆತ್ತಿಕೊಂಡು ಮೂರು ಗುರುತು ಹುಡುಕುವುದು ಸುಲಭ. ಮಣ್ಣಿನ ಕೆಳಗೆ ಬೆಳೆದದ್ದಾದರೆ ಗಿಣ್ಣು ಇದೆಯಾ ನೋಡಿ. ಹಣ್ಣಾದರೆ ಒಣಗಿದ ಹೂವಿನ ಗುರುತು ಯಾವ ತುದಿಯಲ್ಲಿದೆ ನೋಡಿ. ಕಾಳಾದರೆ ಅದರ ಮೇಲೆ ಕಲೆ ಒಂದೋ ಎರಡೋ ಎಣಿಸಿ. ಇಷ್ಟೇ.

ಮಣ್ಣಿನ ಕೆಳಗಿನವು

ಕಾಂಡ ಅಂದರೆ ಗಿಣ್ಣು ಇರಲೇಬೇಕು. ಗಿಣ್ಣಿನಲ್ಲಿ ಎಲೆ, ಎಲೆಯ ಕಂಕುಳಲ್ಲಿ ಮೊಗ್ಗು. ಬೇರಿಗೆ ಗಿಣ್ಣೂ ಇಲ್ಲ, ಎಲೆಯೂ ಇಲ್ಲ.

ಆಲೂಗಡ್ಡೆಯ ಕಣ್ಣನ್ನು ಹತ್ತಿರದಿಂದ ನೋಡಿ. ಕುಳಿಯ ಅಂಚಿನಲ್ಲಿ ಒಂದು ಬಾಗಿದ ಗೆರೆ ಇದೆ. ಅಲ್ಲಿ ಮೊದಲು ಒಂದು ಪುಟ್ಟ ಎಲೆ ಇತ್ತು, ಅದು ಉದುರಿದ ಗುರುತು ಅದು. ಕುಳಿಯೊಳಗೆ ಇರುವುದು ಮೊಗ್ಗು. ಅಂದರೆ ಒಂದೊಂದು ಕಣ್ಣೂ ಒಂದೊಂದು ಗಿಣ್ಣು. ಕಣ್ಣುಗಳು ಎಲ್ಲೆಂದರಲ್ಲಿ ಇಲ್ಲ. ಬೆರಳಿಟ್ಟು ಒಂದರಿಂದ ಒಂದಕ್ಕೆ ಹೋದರೆ ಅವು ಸುತ್ತು ಸುತ್ತಾಗಿ ಹೋಗುವುದು ಗೊತ್ತಾಗುತ್ತದೆ. ಒಂದು ತುದಿಯಲ್ಲಿ ಒತ್ತೊತ್ತಾಗಿವೆ, ಇನ್ನೊಂದು ತುದಿಯಲ್ಲಿ ದೂರ ದೂರ. ದೂರ ದೂರ ಇರುವ ಕಡೆಯೇ ಅದು ತಾಯಿ ಗಿಡಕ್ಕೆ ಅಂಟಿಕೊಂಡಿದ್ದ ಕಡೆ. ರೆಂಬೆಯ ಮೇಲೆ ಎಲೆಗಳು ಕೂರುವ ಕ್ರಮವೇ ಇಲ್ಲೂ ಇದೆ. ಆದ್ದರಿಂದ ಆಲೂಗಡ್ಡೆ ಉಬ್ಬಿದ ಕಾಂಡ.

ಬೆಳಕಿಗೆ ಬಿದ್ದರೆ ಹಸಿರಾಗುತ್ತದೆ, ಅದಕ್ಕೇ ಕಾಂಡ ಅಂತ ಕೆಲವರು ಹೇಳುತ್ತಾರೆ. ಈ ಕಾರಣ ನನಗೆ ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಮಣ್ಣಿನಿಂದ ಹೊರಗೆ ಇಣುಕಿದ ಕ್ಯಾರೆಟ್ಟಿನ ತಲೆಯೂ ಹಸಿರಾಗುತ್ತದೆ, ಅದು ಬೇರು. ಹಸಿರಿನ ವಿಷಯಕ್ಕೆ ಬೇರೆಯೇ ಪ್ರಶ್ನೆ ಬರುತ್ತದೆ: ಹಸಿರಾದ ಆಲೂಗಡ್ಡೆಯಲ್ಲಿ ಯಾವ ವಿಷ? ಉತ್ತರ ಸೊಲನೈನ್. ಹಸಿರು ಬಣ್ಣ ಮಾತ್ರ ಬರೀ ಕ್ಲೋರೋಫಿಲ್, ಅದರಿಂದ ತೊಂದರೆ ಇಲ್ಲ. ಎರಡೂ ಬೆಳಕಿಗೆ ಒಟ್ಟಿಗೆ ಹೆಚ್ಚಾಗುತ್ತವೆ, ಹಾಗಾಗಿ ಹಸಿರು ಎಚ್ಚರಿಕೆಯ ಗುರುತು.

ಈಗ ಗೆಣಸು. ಮೈಮೇಲೆ ಕಣ್ಣಿಲ್ಲ, ಎಲೆ ಉದುರಿದ ಗೆರೆಯಿಲ್ಲ. ಅಲ್ಲಲ್ಲಿ ತೆಳ್ಳಗಿನ ಬೇರಿನ ಎಳೆಗಳಿವೆ. ಹಾಗಾದರೆ ಬೇರು. ಸರಿ, ಆದರೆ ಗೆಣಸನ್ನು ಇಟ್ಟರೆ ಅದೂ ಚಿಗುರುತ್ತದಲ್ಲ? ಚಿಗುರಬೇಕಾದರೆ ಮೊಗ್ಗು ಬೇಕು, ಮೊಗ್ಗಿದ್ದರೆ ಅದು ಕಾಂಡ ಆಗಬೇಕು, ಅಲ್ವಾ? ಇಲ್ಲೇ ತಲೆ ಕೆಡುವುದು. ಬಿಡಿಸಿ ನೋಡೋಣ. ಆಲೂಗಡ್ಡೆಯಲ್ಲಿ ಮೊಗ್ಗು ಮೊದಲಿಂದಲೇ ತನ್ನ ಜಾಗದಲ್ಲಿ, ಎಲೆಯ ಕಂಕುಳಲ್ಲಿ, ಕೂತಿರುತ್ತದೆ. ಗೆಣಸಿನಲ್ಲಿ ಹಾಗೆ ಗೊತ್ತುಮಾಡಿದ ಜಾಗವೇ ಇಲ್ಲ. ಕೆಲವು ಗಿಡಗಳ ಬೇರಿಗೆ ಹೊಸದಾಗಿ ಮೊಗ್ಗು ಹುಟ್ಟಿಸಿಕೊಳ್ಳುವ ಶಕ್ತಿ ಇರುತ್ತದೆ, ಗೆಣಸು ಅಂಥದ್ದು. ಆ ಚಿಗುರು ಹೆಚ್ಚಾಗಿ ತಾಯಿ ಬಳ್ಳಿಗೆ ಅಂಟಿದ್ದ ತುದಿಯಲ್ಲಿ ಗುಂಪಾಗಿ ಬರುತ್ತದೆ, ಸುತ್ತು ಕ್ರಮದಲ್ಲಲ್ಲ. ಆದ್ದರಿಂದ 'ಚಿಗುರುತ್ತದಾ?' ಅಂತ ಕೇಳಬೇಡಿ. 'ಚಿಗುರುವ ಮುಂಚೆ ಗಿಣ್ಣು ಕಾಣುತ್ತದಾ?' ಅಂತ ಕೇಳಿ.

ಇವೆರಡೂ ಹತ್ತಿರದ ನೆಂಟರೂ ಅಲ್ಲ. ಆಲೂಗಡ್ಡೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ತಂಬಾಕಿನ ಕುಟುಂಬ. ಗೆಣಸು ಮಾರ್ನಿಂಗ್ ಗ್ಲೋರಿ ಬಳ್ಳಿಯ ಕುಟುಂಬ. ಎರಡರ ಹೂವನ್ನೂ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಉಳಿದವನ್ನು ಬೇಗ ಮುಗಿಸೋಣ. ಶುಂಠಿ, ಅರಿಶಿನದ ಮೇಲಿನ ಉಂಗುರದಂಥ ಗೆರೆಗಳು ಎಲೆ ಉದುರಿದ ಗುರುತು, ಹಾಗಾಗಿ ಕಾಂಡ. ಕೆಸುವಿನ ಗೆಡ್ಡೆಯ ಮೇಲೂ ಅದೇ ಉಂಗುರ, ಅದೂ ಕಾಂಡ. ಸುವರ್ಣಗೆಡ್ಡೆಯೂ ಕಾಂಡ. ತಾವರೆಯ ಬೇರು ಅಂತ ಮಾರುವ ತೂತು ತೂತಿನ ದಂಟಿನಲ್ಲಿ ಗಿಣ್ಣು ಎದ್ದು ಕಾಣುತ್ತದೆ, ಅದೂ ಕಾಂಡ. ಆ ತೂತುಗಳು ಕೆಸರಿನೊಳಗೆ ಗಾಳಿ ಸಾಗಿಸುವ ಕೊಳವೆಗಳು. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಮರಗೆಣಸು ಬೇರುಗಳು.

ಈರುಳ್ಳಿ ಎರಡೂ ಅಲ್ಲ. ಉದ್ದಕ್ಕೆ ಸೀಳಿ ನೋಡಿ. ಬುಡದಲ್ಲಿ ಒಂದು ಗಟ್ಟಿ ಬಿಲ್ಲೆ ಇದೆ. ಕಾಂಡ ಅಂದರೆ ಅಷ್ಟೇ. ಅದರ ಕೆಳಗೆ ಬೇರು, ಮೇಲೆ ಒಂದರೊಳಗೊಂದು ಎಲೆಯ ಬುಡಗಳು. ನಾವು ತಿನ್ನುವುದು ಆಹಾರ ತುಂಬಿಕೊಂಡ ಎಲೆಯ ಬುಡ. ಬೆಳ್ಳುಳ್ಳಿಯ ಒಂದೊಂದು ಎಸಳೂ ಒಂದೊಂದು ಮೊಗ್ಗು. ಈರುಳ್ಳಿ ಹೆಚ್ಚಿದರೆ ಕಣ್ಣೀರು ಯಾಕೆ ಅನ್ನುವುದೂ ಇಲ್ಲೇ ಇರಲಿ. ಜೀವಕೋಶ ಒಡೆದಾಗ ಬೇರೆ ಬೇರೆ ಕೋಣೆಗಳಲ್ಲಿದ್ದ ಗಂಧಕದ ಸಂಯುಕ್ತವೂ ಕಿಣ್ವವೂ ಸೇರುತ್ತವೆ, ಸಿನ್-ಪ್ರೊಪೇನ್‌ಥಯಾಲ್-ಎಸ್-ಆಕ್ಸೈಡ್ ಅನ್ನುವ ಅನಿಲ ಹುಟ್ಟುತ್ತದೆ. ಇದರ ಹಿಂದೆ ಒಂದಲ್ಲ, ಎರಡು ಕಿಣ್ವಗಳ ಕೆಲಸವಿದೆ. ಎರಡನೆಯದನ್ನು ಜಪಾನಿನ ಸಂಶೋಧಕರು 2002ರಲ್ಲಿ ಗುರುತಿಸಿದರು. ತಣ್ಣಗಿರುವ ಈರುಳ್ಳಿ ಕಡಿಮೆ ಅಳಿಸುತ್ತದೆ, ಯಾಕೆಂದರೆ ತಂಪಿನಲ್ಲಿ ಕಿಣ್ವವೂ ನಿಧಾನ, ಅನಿಲ ಹಾರುವುದೂ ನಿಧಾನ.

ಮಣ್ಣಿನಿಂದ ಕಿತ್ತರೂ ಹಣ್ಣಾಗಿರುವುದು ಒಂದಿದೆ, ಕಡಲೆಕಾಯಿ. ಹಳದಿ ಹೂವು ಬಿಡುವುದು ಮಣ್ಣಿನ ಮೇಲೆಯೇ. ಗರ್ಭಧಾರಣೆ ಆದಮೇಲೆ ಅಂಡಾಶಯದ, ಅಂದರೆ ಹೂವಿನೊಳಗೆ ಬೀಜ ಕಟ್ಟುವ ಭಾಗದ, ಕೆಳಗಿನ ಭಾಗ ಒಂದು ಕಡ್ಡಿಯಂತೆ ಉದ್ದವಾಗಿ ಕೆಳಗೆ ಬಾಗಿ ಮಣ್ಣಿಗೆ ಚುಚ್ಚಿಕೊಳ್ಳುತ್ತದೆ. ಕಾಯಿ ಉಬ್ಬುವುದು ಕತ್ತಲಲ್ಲಿ. ಸಿಪ್ಪೆ ಹಣ್ಣಿನ ಗೋಡೆ, ಒಳಗಿನದು ಬೀಜ. ಅವರೆ, ಬಟಾಣಿಯ ಕುಟುಂಬದ್ದೇ.

ಒಂದೇ ಗಿಡ, ಬೇರೆ ಬೇರೆ ಉತ್ತರ

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಕೇಲ್, ಬ್ರಸೆಲ್ಸ್ ಸ್ಪ್ರೌಟ್ಸ್ ಎಲ್ಲವೂ ಒಂದೇ ಪ್ರಭೇದ, ಬ್ರಾಸಿಕಾ ಒಲೆರೇಸಿಯಾ. ಜನ ಆರಿಸಿ ಆರಿಸಿ ಬೆಳೆಸಿದ್ದರಿಂದ ಒಂದರಲ್ಲಿ ಒಂದು ಭಾಗ ಉಬ್ಬಿದೆ. ಕೇಲ್‌ನಲ್ಲಿ ಎಲೆ. ನವಿಲುಕೋಸಿನಲ್ಲಿ ಕಾಂಡ, ಮೈಮೇಲೆ ಎಲೆ ಉದುರಿದ ಗುರುತು ಸ್ಪಷ್ಟವಾಗಿದೆ. ಎಲೆಕೋಸು ಗಿಡದ ತುದಿಯ ಒಂದೇ ದೊಡ್ಡ ಮೊಗ್ಗು. ಸೀಳಿದರೆ ನಡುವೆ ಗಿಡ್ಡ ಕಾಂಡ, ಎಲೆಗಳ ಕಂಕುಳಲ್ಲಿ ಪುಟಾಣಿ ಮೊಗ್ಗುಗಳು ಕಾಣುತ್ತವೆ. ಆ ಪುಟಾಣಿ ಮೊಗ್ಗುಗಳೇ ದಪ್ಪಗಾದರೆ ಬ್ರಸೆಲ್ಸ್ ಸ್ಪ್ರೌಟ್ಸ್. ಬ್ರೊಕೊಲಿಯಲ್ಲಿ ಹೂಮೊಗ್ಗು. ಹೂಕೋಸಿನಲ್ಲಿ ಇನ್ನೂ ಮೊಗ್ಗಿನ ಹಂತಕ್ಕೂ ಬಾರದ ಹೂಗೊಂಚಲಿನ ತುದಿಗಳು. ಕೋಸಿನ ಮೇಲೆ ಎಷ್ಟು ಪ್ರಶ್ನೆ ಬಂದರೂ ಈ ಒಂದು ಪ್ಯಾರಾ ಸಾಕು.

ಹಣ್ಣು: ಒಣಗಿದ ಹೂವು ಯಾವ ತುದಿಯಲ್ಲಿದೆ?

ಇದನ್ನು ನಿಧಾನವಾಗಿ ಓದಿ. ಪುಸ್ತಕಗಳು 'ಅಂಡಾಶಯ ಬೆಳೆದು ಆದದ್ದು ನಿಜವಾದ ಹಣ್ಣು, ಬೇರೆ ಭಾಗ ಸೇರಿ ಆದದ್ದು ಹುಸಿ ಹಣ್ಣು' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತವೆ. ತಿನ್ನುವ ತಿರುಳು ಅಂಡಾಶಯದ್ದೋ ಬೇರೆಯದೋ ಅಂತ ನೋಡಿ ತಿಳಿಯುವುದು ಹೇಗೆ ಅಂತ ಹೇಳುವುದೇ ಇಲ್ಲ.

ಹೂವಿನ ಕ್ರಮ ನೆನಪಿಸಿಕೊಳ್ಳಿ. ಕೆಳಗೆ ತೊಟ್ಟು. ತೊಟ್ಟಿನ ತುದಿ ಸ್ವಲ್ಪ ಅಗಲವಾಗಿ ಪುಷ್ಪಪೀಠ ಆಗುತ್ತದೆ. ಅದರ ಮೇಲೆ ಸಾಲಾಗಿ ಪುಷ್ಪಪತ್ರ, ಅಂದರೆ ಮೊಗ್ಗನ್ನು ಮುಚ್ಚಿಕೊಂಡಿದ್ದ ಹಸಿರು ಎಸಳು. ಆಮೇಲೆ ದಳ, ಆಮೇಲೆ ಕೇಸರ, ನಟ್ಟನಡುವೆ ಅಂಡಾಶಯ.

ಟೊಮ್ಯಾಟೊ ಅಥವಾ ಬದನೆಕಾಯಿ ಹಿಡಿದುಕೊಳ್ಳಿ. ಹಸಿರು ಪುಷ್ಪಪತ್ರ ಎಲ್ಲಿದೆ? ತೊಟ್ಟಿನ ಕಡೆ. ಅಂದರೆ ಕ್ರಮ ಹೀಗೆ: ತೊಟ್ಟು, ಪುಷ್ಪಪತ್ರ, ಅದರ ಮೇಲೆ ಹಣ್ಣು. ಹಣ್ಣು ಪುಷ್ಪಪತ್ರಕ್ಕಿಂತ ಮೇಲಿದೆ. ಅಂಡಾಶಯ ಹೂವಿನಲ್ಲೂ ಮೇಲೇ ಇತ್ತು.

ಈಗ ಸೇಬು. ತೊಟ್ಟಿನ ಕಡೆ ಏನೂ ಇಲ್ಲ. ತಿರುಗಿಸಿ ಇನ್ನೊಂದು ತುದಿಯ ಕುಳಿ ನೋಡಿ. ಕಂದು ಬಣ್ಣದ ಒಣ ಚೂರುಗಳಿವೆ. ಸೂಜಿಯಿಂದ ಮೆಲ್ಲಗೆ ಬಿಡಿಸಿದರೆ ಐದು ಪುಷ್ಪಪತ್ರ, ಒಳಗೆ ಒಣಗಿದ ಕೇಸರದ ಎಳೆಗಳು ಸಿಗುತ್ತವೆ. ಕ್ರಮ ತಿರುಗಿತು ನೋಡಿ: ತೊಟ್ಟು, ಹಣ್ಣು, ಅದರ ಮೇಲೆ ಪುಷ್ಪಪತ್ರ. ಅಂಡಾಶಯ ಹೂವಿನ ಕೆಳಗೆ ಇಳಿದಿದೆ. ಹೂವಿನ ಬುಡ ಒಂದು ಬಟ್ಟಲಿನ ಹಾಗೆ ಆಗಿ, ಅಂಡಾಶಯ ಆ ಬಟ್ಟಲಿನ ತಳದಲ್ಲಿ ಕೂತು, ಬಟ್ಟಲಿನ ಗೋಡೆಗೇ ಅಂಟಿಕೊಂಡಿದೆ. ಪುಷ್ಪಪತ್ರ, ದಳ ಎಲ್ಲ ಬಟ್ಟಲಿನ ಅಂಚಿನಲ್ಲಿ ಉಳಿದಿವೆ. ಆಮೇಲೆ ಉಬ್ಬಿದ್ದು ಮುಖ್ಯವಾಗಿ ಬಟ್ಟಲಿನ ಗೋಡೆ.

ನಂಬಿಕೆ ಬರಲಿಲ್ಲವಾ? ಸೇಬನ್ನು ಅಡ್ಡಕ್ಕೆ ಕೊಯ್ಯಿರಿ. ನಡುವೆ ಐದು ಕೋಣೆಯ ನಕ್ಷತ್ರ, ಬೀಜ ಇರುವ ಜಾಗ. ಅದರ ಸುತ್ತ, ತಿರುಳಿನೊಳಗೆ, ತಿಳಿ ಹಸಿರಿನ 10 ಚುಕ್ಕೆಗಳು ವೃತ್ತದಲ್ಲಿ ಕಾಣುತ್ತವೆ. ಹೂವಾಗಿದ್ದಾಗ ಐದು ಪುಷ್ಪಪತ್ರಕ್ಕೂ ಐದು ದಳಕ್ಕೂ ನೀರು ಸಾಗಿಸುತ್ತಿದ್ದ ನಾಳಗಳು ಅವು. ಆ ವೃತ್ತದ ಒಳಗಿನದು ಅಂಡಾಶಯದ ಪಾಲು, ಹೊರಗಿನದು ಬಟ್ಟಲಿನ ಪಾಲು. ನಾವು ತಿನ್ನುವುದು ಬಹುಪಾಲು ಹೊರಗಿನದು. ನಡುವಿನದನ್ನು ಎಸೆಯುತ್ತೇವೆ. ಸೇಬು ಹುಸಿ ಹಣ್ಣು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಪುರಾವೆ ನನಗೆ ಗೊತ್ತಿಲ್ಲ.

ಆದರೆ ಇದನ್ನೇ ಸೂತ್ರ ಮಾಡಿಕೊಂಡು 'ಪುಷ್ಪಪತ್ರ ಆಚೆ ತುದಿಯಲ್ಲಿದ್ದರೆ ಹುಸಿ ಹಣ್ಣು' ಅಂದುಕೊಳ್ಳಬೇಡಿ. ಸೀಬೆ, ದಾಳಿಂಬೆ, ಸೌತೆ, ಬಾಳೆ ಎಲ್ಲದರಲ್ಲೂ ಹೂವಿನ ಗುರುತು ಆಚೆ ತುದಿಯಲ್ಲೇ ಇದೆ. ದಾಳಿಂಬೆಯ ಕಿರೀಟ ಅಂದರೆ ಪುಷ್ಪಪತ್ರವೇ. ಇವುಗಳಲ್ಲೂ ಅಂಡಾಶಯ ಕೆಳಗಿತ್ತು. ಆದರೆ ಒಳಗೆ ಉಬ್ಬಿದ್ದು ಮುಖ್ಯವಾಗಿ ಅಂಡಾಶಯವೇ, ಆದ್ದರಿಂದ ಬಾಳೆಯನ್ನು ಹುಸಿ ಹಣ್ಣಿನ ಪಟ್ಟಿಗೆ ಸೇರಿಸುವುದಿಲ್ಲ. ಸ್ಟ್ರಾಬೆರಿ ಇನ್ನೊಂದು ಕಡೆಯಿಂದ ಸೂತ್ರವನ್ನು ಮುರಿಯುತ್ತದೆ. ಅದರ ಹಸಿರು ಪುಷ್ಪಪತ್ರ ಟೊಮ್ಯಾಟೊ ಹಾಗೆ ತೊಟ್ಟಿನ ಕಡೆಯೇ ಇದೆ, ಆದರೂ ಅದು ಹುಸಿ ಹಣ್ಣು. ಅಲ್ಲಿ ಪುಷ್ಪಪೀಠವೇ ಗುಡ್ಡದಂತೆ ಮೇಲೆ ಉಬ್ಬಿದೆ. ಮೇಲಿನ ಪುಟ್ಟ ಕಾಳು ಒಂದೊಂದೂ ಒಂದೊಂದು ಹಣ್ಣು. ಭೂತಗನ್ನಡಿಯಲ್ಲಿ ನೋಡಿದರೆ ಕಾಳಿನಿಂದ ಕೂದಲಿನಷ್ಟು ಸಣ್ಣ ಎಳೆ ಹೊರಟಿರುವುದು ಕಾಣುತ್ತದೆ, ಅದು ಒಣಗಿದ ಶಲಾಕೆ, ಅಂದರೆ ಅಂಡಾಶಯದಿಂದ ಹೊರಟು ಪರಾಗ ಹಿಡಿಯುವ ಎಳೆ.

ಹಾಗಾಗಿ ಪ್ರಶ್ನೆ ಎರಡು, ಒಂದಲ್ಲ. ಅಂಡಾಶಯ ಎಲ್ಲಿತ್ತು? ಇದನ್ನು ಪುಷ್ಪಪತ್ರ ಹೇಳುತ್ತದೆ. ಉಬ್ಬಿದ್ದು ಯಾವುದು? ಇದನ್ನು ಕೊಯ್ದು ನೋಡಬೇಕು.

ಗೇರುಹಣ್ಣಿನಲ್ಲಿ ಎರಡನೇ ಪ್ರಶ್ನೆ ಸುಲಭ. ಹಣ್ಣನ್ನು ಕೊಯ್ದರೆ ಒಳಗೆ ಬೀಜವೇ ಇಲ್ಲ. ಬೀಜ ಕೆಳಗೆ ನೇತಾಡುತ್ತಿದೆ. ಉಬ್ಬಿದ್ದು ಹೂವಿನ ತೊಟ್ಟು. ಮರದಲ್ಲಿ ನೋಡಿದರೆ ಮೊದಲು ಹಸಿರು ಗೇರುಕಾಯಿ ಬೆಳೆಯುತ್ತದೆ, ತೊಟ್ಟು ಉಬ್ಬುವುದು ಆಮೇಲೆ. ಆ ಕಾಯಿಯೇ ನಿಜವಾದ ಹಣ್ಣು. ಅದರ ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ ಇದೆ. ಒಳಗಿನ ಗೋಡಂಬಿ ಬೀಜ, ಎರಡು ಹೋಳಾಗುವುದು ಅದರ ಎರಡು ಬೀಜದಳ. ಗೇರು ಮಾವಿನ ಕುಟುಂಬದ್ದು, ಇದನ್ನೂ ಕೇಳುತ್ತಾರೆ.

ಮಾವು, ತೆಂಗು, ಬಾದಾಮಿ ಮೂರಕ್ಕೂ ಒಂದೇ ಚಿತ್ರ ಬರೆಯಿರಿ: ಹೊರಸಿಪ್ಪೆ, ನಡುಪದರ, ಗಟ್ಟಿ ಒಳಪದರ, ಅದರೊಳಗೆ ಬೀಜ. ಮಾವಿನಲ್ಲಿ ನಡುಪದರ ತಿನ್ನುತ್ತೇವೆ. ಬಾದಾಮಿಯಲ್ಲಿ ನಡುಪದರ ಒಣಗಿ ಬಿರಿದು ಹೋಗುತ್ತದೆ, ಬೀಜ ತಿನ್ನುತ್ತೇವೆ. ತೆಂಗಿನಲ್ಲಿ ನಡುಪದರ ನಾರು, ಒಳಪದರ ಚಿಪ್ಪು. ಒಳಗಿನ ಬಿಳಿ ಕಾಯಿಯೂ ನೀರೂ ಎರಡೂ ಭ್ರೂಣಾಹಾರವೇ, ಅಂದರೆ ಮೊಳಕೆಗೆ ಇಟ್ಟ ಬುತ್ತಿ. ನೀರು ಅದರ ದ್ರವ ರೂಪ. ಚಿಪ್ಪಿನ ಮೂರು ಕಣ್ಣು ಹೂವಿನ ಅಂಡಾಶಯಕ್ಕೆ ಮೂರು ಭಾಗ ಇದ್ದುದರ ಗುರುತು. ಮೆತ್ತಗಿರುವ ಒಂದು ಕಣ್ಣಿನ ಹಿಂದೆ ಭ್ರೂಣ ಇರುತ್ತದೆ.

ಸಸ್ಯಶಾಸ್ತ್ರದಲ್ಲಿ ಬೆರಿ ಅಂದರೆ ಒಂದೇ ಅಂಡಾಶಯ ಇಡಿಯಾಗಿ ಮೆತ್ತಗಾದ ಹಣ್ಣು. ಬಾಳೆ, ಟೊಮ್ಯಾಟೊ, ದ್ರಾಕ್ಷಿ, ಬದನೆ ಬೆರಿ. ಸ್ಟ್ರಾಬೆರಿ ಬೆರಿ ಅಲ್ಲ. ಬಾಳೆಹಣ್ಣಿನ ನಡುವಿನ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಟೊಮ್ಯಾಟೊ ತರಕಾರಿಯೋ ಹಣ್ಣೋ ಅನ್ನುವ ಜಗಳ 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಆಮದು ತರಕಾರಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ಸಸ್ಯಶಾಸ್ತ್ರದ ಪ್ರಕಾರ ಹಣ್ಣೇ ಇರಬಹುದು, ಜನ ಬಳಸುವುದು ತರಕಾರಿಯಾಗಿ, ಸುಂಕ ಕಟ್ಟಿ ಅಂತ ತೀರ್ಪಾಯಿತು.

ಒಂದೇ ಹೂವಿನ ಹಲವು ಅಂಡಾಶಯ ಸೇರಿದರೆ ಸೀತಾಫಲ. ಹಲವು ಹೂವುಗಳೇ ಸೇರಿದರೆ ಅನಾನಸ್, ಹಲಸು, ಅಂಜೂರ. ಅನಾನಸಿನ ಒಂದೊಂದು ಕಣ್ಣೂ ಒಂದೊಂದು ಹೂವು. ಅಂಜೂರದಲ್ಲಿ ಹೂವೆಲ್ಲ ಒಳಮುಖವಾಗಿವೆ.

ಕಾಳು: ಕಲೆ ಒಂದೋ, ಎರಡೋ?

ಇದು ನನಗೆ ತುಂಬ ಇಷ್ಟವಾದ ಅಡ್ಡದಾರಿ. ಬೀಜ ಹಣ್ಣಿನೊಳಗೆ ಒಂದೇ ಕಡೆ ಅಂಟಿಕೊಂಡಿರುತ್ತದೆ, ಹಾಗಾಗಿ ಬಿಡಿಸಿದಾಗ ಅದರ ಮೇಲೆ ಒಂದೇ ಕಲೆ. ಹಣ್ಣಿಗೆ ಎರಡು ಕಲೆ: ತೊಟ್ಟು ಅಂಟಿದ್ದ ಕಡೆ ಒಂದು, ಶಲಾಕೆ ಉದುರಿದ ಕಡೆ ಇನ್ನೊಂದು.

ನೆನೆಸಿದ ಅವರೆಕಾಳು ನೋಡಿ. ಬದಿಯಲ್ಲಿ ಒಂದೇ ಕಲೆ. ಮೆಲ್ಲಗೆ ಒತ್ತಿದರೆ ಕಲೆಯ ಪಕ್ಕದ ಸಣ್ಣ ರಂಧ್ರದಿಂದ ನೀರು ಒಸರುತ್ತದೆ. ಇದು ಬೀಜ. ಕೊತ್ತಂಬರಿ ಬೀಜ ನೋಡಿ. ಒಂದು ತುದಿಯಲ್ಲಿ ತೊಟ್ಟಿನ ಗುರುತು, ಇನ್ನೊಂದು ತುದಿಯಲ್ಲಿ ಪುಟ್ಟ ಮೂತಿ, ಅದರ ಸುತ್ತ ಪುಷ್ಪಪತ್ರದ ಹಲ್ಲುಗಳು. ಎರಡು ಗುರುತು, ಹಾಗಾಗಿ ಇಡೀ ಕಾಳು ಹಣ್ಣು. ಉಜ್ಜಿದರೆ ಎರಡು ಹೋಳಾಗುತ್ತದೆ, ಒಂದೊಂದರಲ್ಲಿ ಒಂದು ಬೀಜ. ಜೀರಿಗೆಯೂ ಹೀಗೇ. ಸೂರ್ಯಕಾಂತಿಯ ಕಾಳೂ ಹಣ್ಣು, ಅದರ ಸಿಪ್ಪೆ ಹಣ್ಣಿನ ಗೋಡೆ.

ಗೋಧಿ, ಭತ್ತ, ಜೋಳ ಕೂಡ ಹಣ್ಣೇ. ಇಲ್ಲಿ ಹಣ್ಣಿನ ಗೋಡೆಯೂ ಬೀಜದ ಸಿಪ್ಪೆಯೂ ಬಿಡಿಸಲಾಗದಂತೆ ಅಂಟಿಕೊಂಡಿವೆ. ಪಾಲಿಶ್ ಮಾಡಿದಾಗ ಆ ಪದರವೆಲ್ಲ ತೌಡಾಗಿ ಹೋಗುತ್ತದೆ. ಬಿಳಿ ಅಕ್ಕಿಯಲ್ಲಿ ಉಳಿಯುವುದು ಬಹುತೇಕ ಭ್ರೂಣಾಹಾರ ಮಾತ್ರ. ಮುಸುಕಿನ ಜೋಳದ ರೇಷ್ಮೆ ಎಳೆಗಳಲ್ಲಿ ಒಂದೊಂದೂ ಒಂದೊಂದು ಕಾಳಿನ ಶಲಾಕೆ. ತೆನೆಯಲ್ಲಿ ನಡುನಡುವೆ ಕಾಳು ಕಟ್ಟಿಲ್ಲವೆಂದರೆ ಆ ಎಳೆಗೆ ಪರಾಗ ತಲುಪದೆ ಇದ್ದಿರಬಹುದು.

ಮಸಾಲೆ, ಬೇಗ ಬೇಗ

ಲವಂಗ ಅರಳದ ಹೂಮೊಗ್ಗು. ತುದಿಯ ಗುಂಡು ಮುಚ್ಚಿದ ದಳಗಳು, ಸುತ್ತ ನಾಲ್ಕು ಹಲ್ಲು ಪುಷ್ಪಪತ್ರ. ಕೆಳಗಿನ ಕಡ್ಡಿ ಬರೀ ತೊಟ್ಟಲ್ಲ, ಅದರೊಳಗೆ ಅಂಡಾಶಯ ಇದೆ. ಪುಷ್ಪಪತ್ರ ಮೇಲೆ, ಅಂಡಾಶಯ ಕೆಳಗೆ. ಸೀಬೆಯಲ್ಲಿ ನೋಡಿದ ಕ್ರಮವೇ ಇದು. ಲವಂಗವೂ ಸೀಬೆಯೂ ಒಂದೇ ಕುಟುಂಬ.

ಕೇಸರಿ ಹೂವಿನ ಶಲಾಕಾಗ್ರ, ಅಂದರೆ ಶಲಾಕೆಯ ತುದಿ, ಒಂದು ಹೂವಿಗೆ ಮೂರೇ ಎಳೆ. ಈ ಗಿಡ ಬೀಜ ಕಟ್ಟುವುದಿಲ್ಲ, ಗೆಡ್ಡೆಯಿಂದಲೇ ಬೆಳೆಸಬೇಕು. ದಾಲ್ಚಿನ್ನಿ ಒಳತೊಗಟೆ. ಏಲಕ್ಕಿ ಹಣ್ಣು, ಒಳಗಿನ ಕಪ್ಪು ಕಾಳು ಬೀಜ. ಜಾಯಿಕಾಯಿ ಬೀಜ, ಜಾಪತ್ರೆ ಆ ಬೀಜಕ್ಕೆ ಸುತ್ತಿಕೊಂಡ ಕೆಂಪು ಹೊದಿಕೆ. ಕರಿಮೆಣಸು, ಬಿಳಿಮೆಣಸು ಒಂದೇ ಬಳ್ಳಿಯ ಹಣ್ಣು, ಬಿಳಿಯದಕ್ಕೆ ಸಿಪ್ಪೆ ತೆಗೆದಿರುತ್ತಾರೆ. ಇಂಗು ಫೆರುಲಾ ಗಿಡದ ಬೇರನ್ನು ಕೊಯ್ದಾಗ ಒಸರುವ ಅಂಟು. ಕಾಫಿ, ಕೋಕೋ ಬೀಜ. ಚಹಾ ಎಲೆ, ಹಸಿರು ಚಹಾ ಮತ್ತು ಕಪ್ಪು ಚಹಾ ಒಂದೇ ಗಿಡದವು.

ಕೊನೆಗೆ ಅಣಬೆ. ಅದು ಗಿಡವೇ ಅಲ್ಲ, ಶಿಲೀಂಧ್ರ. ಕ್ಲೋರೋಫಿಲ್ ಇಲ್ಲ, ಕೋಶದ ಗೋಡೆ ಕೈಟಿನ್‌ನಿಂದ ಆದದ್ದು. ಆಯ್ಕೆಗಳಲ್ಲಿ ಬೇರು, ಕಾಂಡ, ಎಲೆ ಇದ್ದು ನಾಲ್ಕನೆಯದು 'ಇವು ಯಾವುವೂ ಅಲ್ಲ' ಅಂತಿದ್ದರೆ ಅದಕ್ಕೇ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿ.